ಅಜ್ಜಿಯ ಜೋಮಾಲೆ ಕರಗಿಸಬೇಕಾ?

ಪ್ರಶ್ನೆ: ನಮ್ಮದು ಕೊಡಗಿನ ಕುಟುಂಬ, ಈಗ ಮೈಸೂರಿನಲ್ಲಿದ್ದೇವೆ. ಅಜ್ಜಿಯ ಜೋಮಾಲೆ (ಚಿನ್ನದ ಗುಂಡಿನ ಸರ) ಮತ್ತು ಪತ್ತಾಕ್ (ಕೊರಳಿನ ಪದಕ) ನನ್ನ ಪಾಲಿಗೆ ಬಂದಿವೆ. ಪತ್ತಾಕ್‌ನಲ್ಲಿ ಹಳೆಯ ಪವನ್, ಅಂದರೆ ಚಿನ್ನದ ನಾಣ್ಯ, ಕೂರಿಸಿದ್ದಾರೆ. ಜೋಮಾಲೆ 1964ರಲ್ಲಿ ಅಜ್ಜಿಯ ಮದುವೆಗೆ ಮಾಡಿಸಿದ್ದು. ಅಂಗಡಿಯವರು ನೋಡಿ, "ಒಳಗೆ ಅರಗಿದೆ, ಕ್ಯಾರೆಟ್ ಕಮ್ಮಿ, ಹಾಲ್‌ಮಾರ್ಕೂ ಇಲ್ಲ" ಅಂದರು. ಅಜ್ಜಿಗೆ ಮೋಸವಾಗಿತ್ತಾ? ಕರಗಿಸಿ ಹೊಸ ಸರ ಮಾಡಿಸೋಣ ಅಂತಾಳೆ ಮಗಳು. ಏನು ಮಾಡಲಿ?

ಉತ್ತರ: ಅರಗು ಇದ್ದ ಮಾತ್ರಕ್ಕೆ ಮೋಸ ಅಲ್ಲ. ಜೋಮಾಲೆ ಮಾಡುವ ಕ್ರಮವೇ ಅದು. ಚಿನ್ನವನ್ನು ತೆಳ್ಳಗೆ ತಗಡು ಬಡಿದು, ಟೊಳ್ಳು ಗುಂಡು ಮಾಡಿ, ಒಳಗೆ ಅರಗು ತುಂಬುತ್ತಾರೆ. ಅರಗಿಲ್ಲದಿದ್ದರೆ ಬೆರಳು ಒತ್ತಿದರೂ ಗುಂಡು ತಗ್ಗು ಬಿದ್ದೀತು. ಕಡಿಮೆ ಚಿನ್ನದಲ್ಲಿ ಎದೆ ತುಂಬುವ ಸರ ಬೇಕಲ್ಲ, ಅದಕ್ಕೆ ಈ ಜಾಣತನ. ಮಾರುವಾಗ ಅರಗಿನ ತೂಕ ಕಳೆಯುವುದು ನ್ಯಾಯವೇ.

ಕ್ಯಾರೆಟ್ ವಿಷಯಕ್ಕೆ ನೀವು ಬರೆದ ಇಸವಿಯೇ ಸುಳಿವು. ಚೀನಾ ಯುದ್ಧದ ಬೆನ್ನಿಗೇ, 1963ರ ಜನವರಿಯಲ್ಲಿ, ಮೊರಾರ್ಜಿ ದೇಸಾಯಿ ಹಣಕಾಸು ಸಚಿವರಾಗಿದ್ದಾಗ ಚಿನ್ನ ನಿಯಂತ್ರಣ ನಿಯಮ ಬಂತು. 14 ಕ್ಯಾರೆಟ್‌ಗಿಂತ ಹೆಚ್ಚಿನ ಒಡವೆ ಮಾಡುವಂತಿರಲಿಲ್ಲ. ಅಂದರೆ ನೂರು ಗ್ರಾಂ ಒಡವೆಯಲ್ಲಿ ಅಪ್ಪಟ ಚಿನ್ನ ಸುಮಾರು 58 ಗ್ರಾಂ. 22 ಕ್ಯಾರೆಟ್‌ನಲ್ಲಾದರೆ ಅದು 91.6. ದೇಶದುದ್ದಕ್ಕೂ ಎಷ್ಟೋ ಅಕ್ಕಸಾಲಿಗರ ಹೊಟ್ಟೆಪಾಡಿಗೇ ಕಲ್ಲು ಬಿತ್ತು. 1966ರಲ್ಲಿ ಈ ಮಿತಿ ಹೋಯಿತು. ಕದ್ದುಮುಚ್ಚಿ 22 ಕ್ಯಾರೆಟ್ ಮಾಡಿಕೊಟ್ಟವರೂ ಇದ್ದರು ಬಿಡಿ! ನಿಮ್ಮ ಅಜ್ಜಿಯ ಅಕ್ಕಸಾಲಿಗ ಕಾನೂನು ಪಾಲಿಸಿದ್ದಿರಬಹುದು, ಅಷ್ಟೇ.

ಹಾಲ್‌ಮಾರ್ಕ್ ಇಲ್ಲದ್ದು ದೋಷವೇ ಅಲ್ಲ. ಚಿನ್ನಕ್ಕೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಹಾಲ್‌ಮಾರ್ಕ್, ಅಂದರೆ ಶುದ್ಧತೆಯ ಮುದ್ರೆ, ಶುರುವಾಗಿದ್ದೇ 2000ದಲ್ಲಿ. ಪ್ರತಿ ಒಡವೆಗೂ ಬೇರೆ ಬೇರೆಯಾಗಿ ಕೊಡುವ ಆರು ಅಕ್ಷರ-ಅಂಕಿಗಳ ಗುರುತು, ಎಚ್‌ಯುಐಡಿ, ಬಂದಿದ್ದು 2021ರ ಜುಲೈನಲ್ಲಿ. ಹಾಲ್‌ಮಾರ್ಕ್ ಕಡ್ಡಾಯ ಅನ್ನುವುದು ಒಡವೆ ಮಾರುವ ಅಂಗಡಿಗೆ. ನೀವು ಹಳೆಯದನ್ನು ಇಟ್ಟುಕೊಳ್ಳಬಹುದು, ಮಾರಲೂಬಹುದು. ಶುದ್ಧತೆ ತಿಳಿಯಬೇಕಾದರೆ ಬಿಐಎಸ್ ಮಾನ್ಯತೆಯ ಪರೀಕ್ಷಾ ಕೇಂದ್ರಕ್ಕೆ ಹೋಗಿ. ಅಂಗಡಿಯ ಎಕ್ಸ್‌ಆರ್‌ಎಫ್ (ಎಕ್ಸ್-ರೇ ಹಾಯಿಸಿ ಶುದ್ಧತೆ ಅಳೆಯುವ) ಯಂತ್ರ ನೋಡುವುದು ಒಡವೆಯ ಮೇಲ್ಪದರವನ್ನು ಮಾತ್ರ.

ಇನ್ನು ಕರಗಿಸುವ ಮಾತು. ಚಿನ್ನ ಗಾಳಿ, ನೀರಿಗೆ ತುಕ್ಕು ಹಿಡಿಯುವುದಿಲ್ಲ, ಎಷ್ಟು ಸಲ ಕರಗಿಸಿದರೂ ಚಿನ್ನವೇ. ಜನ ಅದಕ್ಕೆ ಮನಸೋತಿದ್ದು ಇದಕ್ಕೇ. ಆದರೆ ಒಡವೆಗಳು ಉಳಿಯದಿರುವುದೂ ಇದೇ ಕಾರಣಕ್ಕೆ. ಬೇಲೂರಿನ ಮದನಿಕೆಯರ ಮೈತುಂಬ ಹಾರ, ತೋಳಬಂದಿ, ಡಾಬು. ಕಲ್ಲಿನಲ್ಲಿ ಎಲ್ಲ ಹಾಗೇ ಇವೆ. ಆ ಕಾಲದ ಹೆಂಗಸರು ತೊಟ್ಟ ಚಿನ್ನ ಎಲ್ಲಿ? ಬಹುಪಾಲು ಯಾವತ್ತೋ ಕುಲುಮೆ ಸೇರಿ, ಬೇರೆ ರೂಪದಲ್ಲಿ ಯಾರ ಕೊರಳಲ್ಲೋ ಇದ್ದೀತು. ಪ್ರತಿ ತಲೆಮಾರಿಗೂ ನಿಮ್ಮ ಮಗಳಂಥ ಮಗಳು ಇದ್ದೇ ಇರುತ್ತಾಳೆ, ಅಲ್ವಾ? ಅವಳದು ತಪ್ಪಂತೂ ಅಲ್ಲ. ಕಷ್ಟಕಾಲಕ್ಕೆ ಇರಲಿ ಅಂತಲೇ ನಮ್ಮವರು ಚಿನ್ನ ಮಾಡಿಸುತ್ತಿದ್ದದ್ದು.

ನನ್ನನ್ನು ಕೇಳಿದರೆ, ದುಡ್ಡಿನ ತುರ್ತಿಲ್ಲದಿದ್ದರೆ ಕರಗಿಸಬೇಡಿ. ಅರಗು ಹೋಗಿ, ಕ್ಯಾರೆಟ್ ಲೆಕ್ಕ ಕಳೆದು, ಹೊಸದಕ್ಕೆ ಮಜೂರಿ, ಜಿಎಸ್‌ಟಿ ಸೇರಿದರೆ ಕೈಗೆ ಬರುವುದು ಸಣ್ಣದೊಂದು ಸರ. ಜೋಮಾಲೆ ಮಾತ್ರ ಹೋಗಿಬಿಡುತ್ತದೆ.

ಪತ್ತಾಕ್‌ನ ಪವನ್ ಮೇಲೊಂದು ಕಣ್ಣು ಹಾಯಿಸಿ. ಒಂದು ಕಡೆ ರಾಣಿ ಅಥವಾ ರಾಜನ ಮುಖ, ಇನ್ನೊಂದು ಕಡೆ ಕುದುರೆ ಏರಿ ಡ್ರ್ಯಾಗನ್ ಕೊಲ್ಲುವ ಸವಾರ ಇದ್ದರೆ ಅದು ಬ್ರಿಟಿಷ್ ಸವರನ್ ಇರಬಹುದು. ಅಸಲಿಯಾದರೆ 22 ಕ್ಯಾರೆಟ್, 7.98 ಗ್ರಾಂ. 1918ರಲ್ಲಿ ಮುಂಬೈಯಲ್ಲೂ ಇದನ್ನು ಅಚ್ಚು ಹಾಕಿದ್ದರು. ಅವುಗಳಲ್ಲಿ ಇಸವಿಯ ಮೇಲೆ ಪುಟ್ಟದೊಂದು 'ಐ' ಅಕ್ಷರ ಇರುತ್ತದೆ. ನಕಲಿ ಕಾಸುಗಳೂ ಜಾಸ್ತಿ, ಹಾಗಾಗಿ ನಾಣ್ಯ ಬಲ್ಲವರಿಗೆ ತೋರಿಸಿ. ನೋಡುವುದಕ್ಕೆ ಅಂತ ಕಟ್ಟಿನಿಂದ ಬಿಡಿಸಬೇಡಿ.

ಜೋಮಾಲೆಯನ್ನು ಬಿಸಿ ಅಂಟುವಾಳದ ನೀರಿನಲ್ಲಿ ನೆನೆಹಾಕುವ ಅಭ್ಯಾಸವಿದ್ದರೆ ಬಿಡಿ, ಒಳಗಿನ ಅರಗು ಮೆತ್ತಗಾಗುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು. ಪೋಣಿಸಿದ ದಾರ ಸವೆದಿದ್ದರೆ ಮದುವೆಗೆ ಹಾಕಿಕೊಳ್ಳುವ ಮೊದಲೇ ಬದಲಿಸಿ.