ಎಡಿಟರ್ ತೆರೆದಿದೆ, ಮುಂದೆ ಮಾತ್ರ ಬರುತ್ತಿಲ್ಲ

ಪ್ರಶ್ನೆ: ವಿಂಡೋಸ್‌ನಲ್ಲಿ ಫೋಲ್ಡರಿನೊಳಗಿನ ಕಡತವನ್ನು ಡಬಲ್ ಕ್ಲಿಕ್ ಮಾಡಿದರೆ ನನ್ನ ಟೆಕ್ಸ್ಟ್ ಎಡಿಟರ್ ತಕ್ಷಣ ಮುಂದೆ ಬರುತ್ತದೆ. ಆದರೆ ಹಿನ್ನೆಲೆಯಲ್ಲಿ ಓಡುವ ನನ್ನದೊಂದು ಸ್ಕ್ರಿಪ್ಟ್ ಕೆಲಸ ಮುಗಿಸಿ ವರದಿಯನ್ನು ಅದೇ ಎಡಿಟರಿನಲ್ಲಿ ತೆರೆದಾಗ, ಟ್ಯಾಬ್ ತೆರೆದುಕೊಂಡರೂ ವಿಂಡೋ ಹಿಂದೆಯೇ ಉಳಿದು, ಟಾಸ್ಕ್‌ಬಾರಿನ ಗುಂಡಿ ಕಿತ್ತಳೆ ಬಣ್ಣದಲ್ಲಿ ಮಿನುಗುತ್ತದೆ. ಇದು ಎಡಿಟರಿನ ದೋಷವೇ? ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಒಂದು ಸಂಖ್ಯೆಯನ್ನು ಬದಲಿಸಿದರೆ ಸರಿಹೋಗುತ್ತದೆಂದು ಓದಿದ್ದೇನೆ. ಬದಲಿಸಬಹುದೇ?

ಉತ್ತರ: ನೀವು ವಿವರಿಸಿರುವುದು ದೋಷವಲ್ಲ, ನಿಯಮ. ಕೀಬೋರ್ಡಿನಲ್ಲಿ ಈಗ ಒತ್ತಿದ ಅಕ್ಷರ ಯಾವ ವಿಂಡೋವನ್ನು ಸೇರಬೇಕು ಎಂಬ ತೀರ್ಮಾನವನ್ನೇ ನಾವು ಫೋಕಸ್ ಎನ್ನುತ್ತೇವೆ. ಆ ತೀರ್ಮಾನ ಕಾರ್ಯಾಚರಣಾ ವ್ಯವಸ್ಥೆಯ ಕೈಯಲ್ಲಿದೆ. ಎಡಿಟರ್ ಅದನ್ನು ಕೇಳಿಕೊಳ್ಳಬಹುದೇ ಹೊರತು ತಾನಾಗಿ ಕಿತ್ತುಕೊಳ್ಳುವಂತಿಲ್ಲ. ವಿಂಡೋಸ್ 98 ಮತ್ತು ವಿಂಡೋಸ್ 2000ರಿಂದ ಈಚೆಗೆ ಒಂದು ಪ್ರೋಗ್ರಾಂ ಮುಂದೆ ಬರಬೇಕಾದರೆ ಅದಕ್ಕೊಂದು ಅರ್ಹತೆ ಬೇಕು: ಅದು ಈಗಾಗಲೇ ಮುಂದಿರಬೇಕು, ಇಲ್ಲವೇ ಮುಂದಿರುವ ಪ್ರೋಗ್ರಾಮೇ ಅದನ್ನು ಆರಂಭಿಸಿರಬೇಕು, ಇಲ್ಲವೇ ಬಳಕೆದಾರರ ಕೊನೆಯ ಕೀಲಿ ಅಥವಾ ಕ್ಲಿಕ್ ಅದಕ್ಕೇ ಸಂದಿರಬೇಕು. ಇಂಥ ಒಂದೆರಡು ಷರತ್ತುಗಳು ಇನ್ನೂ ಇವೆ. ಯಾವುದೂ ಹೊಂದದಿದ್ದರೆ ಕೋರಿಕೆಗೆ ಸಿಗುವ ಉತ್ತರವೇ ಆ ಕಿತ್ತಳೆ ಮಿನುಗು.

ಡಬಲ್ ಕ್ಲಿಕ್ ಮಾಡಿದಾಗ ನಡೆಯುವುದನ್ನು ಹತ್ತಿರದಿಂದ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಆಗ ಮುಂದಿರುವುದು ಫೋಲ್ಡರಿನ ವಿಂಡೋ, ಅಂದರೆ ಎಕ್ಸ್‌ಪ್ಲೋರರ್. ಅದು ಎಡಿಟರಿನ ಹೊಸ ಪ್ರತಿಯೊಂದನ್ನು ಆರಂಭಿಸುತ್ತದೆ. ಹಳೆಯ ಪ್ರತಿ ಈಗಾಗಲೇ ಓಡುತ್ತಿರುವುದನ್ನು ಕಂಡುಕೊಂಡ ಹೊಸ ಪ್ರತಿ, ಕಡತದ ಹೆಸರನ್ನು ಹಳೆಯದಕ್ಕೆ ಒಪ್ಪಿಸಿ ತಾನು ಮುಗಿದುಹೋಗುತ್ತದೆ. ಮುಂದೆ ಬರುವ ಹಕ್ಕು ಸಿಕ್ಕಿದ್ದು ಹೊಸ ಪ್ರತಿಗೆ, ಮುಂದೆ ಬರಬೇಕಾದದ್ದು ಹಳೆಯ ಪ್ರತಿ. ಆದ್ದರಿಂದ ಹೊಸದು ಮುಗಿಯುವ ಮೊದಲು ‘ಅಲೋಸೆಟ್‌ಫೋರ್‌ಗ್ರೌಂಡ್‌ವಿಂಡೋ’ ಎಂಬ ಕರೆಯ ಮೂಲಕ ತನ್ನ ಹಕ್ಕನ್ನು ಹಳೆಯದಕ್ಕೆ ವರ್ಗಾಯಿಸಬೇಕು. ಡಬಲ್ ಕ್ಲಿಕ್ ಮಾಡಿದರೂ ಬರೀ ಮಿನುಗುವ ಎಡಿಟರ್ ನಿಮಗೆ ಸಿಕ್ಕಿದರೆ, ಅದನ್ನು ಬರೆದವರು ಈ ಒಂದು ಹೆಜ್ಜೆಯನ್ನು ಮರೆತಿರುವ ಸಾಧ್ಯತೆ ಹೆಚ್ಚು. ಅಂಥಲ್ಲಿ ಮಾತ್ರ ಎಡಿಟರನ್ನು ದೂರಬಹುದು. ನಿಮ್ಮ ಸ್ಕ್ರಿಪ್ಟಿಗಾದರೋ ವರ್ಗಾಯಿಸಲು ಹಕ್ಕೇ ಇಲ್ಲ, ಏಕೆಂದರೆ ಅದು ಓಡುವಾಗ ನೀವು ಬೇರೆಲ್ಲೋ ಟೈಪ್ ಮಾಡುತ್ತಿರುತ್ತೀರಿ.

ನೀವು ಓದಿರುವ ಸಂಖ್ಯೆ ‘ಫೋರ್‌ಗ್ರೌಂಡ್‌ಲಾಕ್‌ಟೈಮ್‌ಔಟ್’ ಎಂಬುದರದ್ದು. ಬಳಕೆದಾರರು ಕೊನೆಯ ಬಾರಿ ಕೀಲಿ ಒತ್ತಿದ ಮೇಲೆ ಎಷ್ಟು ಹೊತ್ತು ಬೇರೆ ಪ್ರೋಗ್ರಾಂಗಳು ಮುಂದೆ ನುಗ್ಗದಂತೆ ತಡೆಯಬೇಕು ಎಂಬುದನ್ನು ಅದು ಹೇಳುತ್ತದೆ. ಸಾಮಾನ್ಯವಾಗಿ 2,00,000 ಮಿಲಿಸೆಕೆಂಡು, ಅಂದರೆ 200 ಸೆಕೆಂಡು ಇರುತ್ತದೆ. ಅದನ್ನು ಸೊನ್ನೆ ಮಾಡುವ ಸಲಹೆಯನ್ನು ನಾನು ಒಪ್ಪುವುದಿಲ್ಲ. ಬಾಗಿಲು ತೆರೆದುಕೊಳ್ಳುವುದು ನಿಮ್ಮ ಎಡಿಟರಿಗೆ ಮಾತ್ರವಲ್ಲ, ಎಲ್ಲ ಪ್ರೋಗ್ರಾಂಗಳಿಗೂ. ಪಾಸ್‌ವರ್ಡಿನ ಅರ್ಧ ಒಂದು ವಿಂಡೋದಲ್ಲಿ, ಉಳಿದರ್ಧ ಎಲ್ಲರಿಗೂ ಕಾಣುವ ಮತ್ತೊಂದು ವಿಂಡೋದಲ್ಲಿ ಬಿದ್ದಾಗ ಆ ತಡೆ ಏಕಿತ್ತೆಂಬುದು ಅರ್ಥವಾಗುತ್ತದೆ. ವರದಿ ಸಿದ್ಧವಾದಾಗ ಸ್ಕ್ರಿಪ್ಟಿನಿಂದ ಒಂದು ನೋಟಿಫಿಕೇಶನ್ ಬರುವಂತೆ ಮಾಡಿ, ಅದನ್ನು ನೀವೇ ಒತ್ತಿ ಕಡತ ತೆರೆಯುವುದು ಲೇಸು. ಆ ಒತ್ತುವಿಕೆಯೇ ಬೇಕಾದ ಅರ್ಹತೆಯನ್ನು ಒದಗಿಸುತ್ತದೆ.

ಪ್ರಶ್ನೆ: ಲಿನಕ್ಸಿನಲ್ಲಿ ವಿಂಡೋಗಳನ್ನು ತೆರೆಗೆ ತರುವ ಹಳೆಯ ವ್ಯವಸ್ಥೆಯಾದ ಎಕ್ಸ್11 ಬಿಟ್ಟು ಹೊಸದಾದ ವೇಲ್ಯಾಂಡಿಗೆ ಬಂದ ಮೇಲೆ, ಆಜ್ಞೆಗಳನ್ನು ಟೈಪ್ ಮಾಡುವ ಟರ್ಮಿನಲ್ಲಿನಿಂದ ಕರೆದಾಗ ಮೊದಲೇ ತೆರೆದಿರುವ ಎಡಿಟರ್ ಮುಂದೆ ಬರುವುದಿಲ್ಲ. ‘ಸಿದ್ಧವಾಗಿದೆ’ ಎಂಬ ಸೂಚನೆಯಷ್ಟೇ ಕಾಣಿಸಿಕೊಳ್ಳುತ್ತದೆ. ಮೊದಲು ಹೀಗಿರಲಿಲ್ಲ.

ಉತ್ತರ: ಮೊದಲಿನದು ಸೌಜನ್ಯದ ಮೇಲೆ ನಡೆಯುತ್ತಿದ್ದ ವ್ಯವಸ್ಥೆ. ಎಕ್ಸ್11ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಫೋಕಸನ್ನು ತನ್ನತ್ತ ತಿರುಗಿಸಿಕೊಳ್ಳಬಹುದಿತ್ತು; ಅದಕ್ಕೆ ಕಡಿವಾಣ ಹಾಕಲು ವಿಂಡೋ ಮ್ಯಾನೇಜರುಗಳು ಪ್ರತಿ ವಿಂಡೋಗೂ ಅಂಟಿಸಿರುವ ಬಳಕೆದಾರರ ಕೊನೆಯ ಕ್ರಿಯೆಯ ಸಮಯವನ್ನು ನೋಡಿ, ಹೊಸದಾಗಿ ಬಂದ ವಿಂಡೋದ ಸಮಯ ನೀವು ಈಗ ಟೈಪ್ ಮಾಡುತ್ತಿರುವ ವಿಂಡೋದ ಸಮಯಕ್ಕಿಂತ ಹಳೆಯದಾಗಿದ್ದರೆ ಅದನ್ನು ಹಿಂದೆ ನಿಲ್ಲಿಸುತ್ತಿದ್ದವು. ಈ ತಡೆ ಎಷ್ಟು ಬಿಗಿಯಾಗಿರಬೇಕೆಂದು ಆರಿಸಿಕೊಳ್ಳಲು ಕೆಡಿಇ ಎಂಬ ಡೆಸ್ಕ್‌ಟಾಪಿನ ವಿಂಡೋ ಮ್ಯಾನೇಜರಾದ ಕೆವಿನ್‌ನಲ್ಲಿ ‘ಬೇಡವೇ ಬೇಡ’ ಎಂಬಲ್ಲಿಂದ ‘ಅತಿ ಕಟ್ಟುನಿಟ್ಟು’ ಎಂಬಲ್ಲಿಯವರೆಗೆ ಐದು ಹಂತಗಳಿವೆ.

ವೇಲ್ಯಾಂಡಿನಲ್ಲಿ ಫೋಕಸನ್ನು ತೆಗೆದುಕೊಳ್ಳುವ ಆಜ್ಞೆಯೇ ಇಲ್ಲ. ಬದಲಿಗೆ ‘ಎಕ್ಸ್‌ಡಿಜಿ ಆ್ಯಕ್ಟಿವೇಶನ್’ ಎಂಬ ಒಡಂಬಡಿಕೆಯಿದೆ: ಮುಂದಿರುವ ಪ್ರೋಗ್ರಾಂ, ವಿಂಡೋಗಳನ್ನು ಜೋಡಿಸಿ ತೆರೆಯ ಮೇಲೆ ತೋರಿಸುವ ಕಂಪೋಸಿಟರಿನಿಂದ ಒಂದು ಟೋಕನ್ (ಅನುಮತಿ ಚೀಟಿ) ಪಡೆದು, ಮುಂದೆ ಬರಬೇಕಾದ ಪ್ರೋಗ್ರಾಮಿನ ಕೈಗೆ ಕೊಡಬೇಕು, ಅದು ಆ ಟೋಕನ್ ತೋರಿಸಿದರೆ, ಕಂಪೋಸಿಟರಿಗೆ ಸರಿಯೆನಿಸಿದರೆ, ಮುಂದೆ ಬರುತ್ತದೆ. ಫೈಲ್ ಮ್ಯಾನೇಜರುಗಳೂ ಅಪ್ಲಿಕೇಶನ್ ಮೆನುಗಳೂ ಈ ಕೆಲಸವನ್ನು ಸದ್ದಿಲ್ಲದೆ ಮಾಡುತ್ತವೆ. ಟರ್ಮಿನಲ್ಲಿನಲ್ಲಿ ತೊಡಕಾಗುವುದು ನಡುವೆ ಶೆಲ್ ಇರುವುದರಿಂದ. ಎಂಟರ್ ಒತ್ತಿದ್ದು ಟರ್ಮಿನಲ್ಲಿಗೆ ಗೊತ್ತು, ಆದರೆ ಆಜ್ಞೆಯನ್ನು ನಡೆಸುವ ಶೆಲ್ಲಿನ ಬಳಿ ಹೊಸ ಟೋಕನ್ ಇರುವುದಿಲ್ಲ. ಟೋಕನ್ ಇಲ್ಲದೆ ಬಂದ ಕೋರಿಕೆಯನ್ನು ಗ್ನೋಮ್ ಎಂಬ ಡೆಸ್ಕ್‌ಟಾಪ್ ಆ ‘ಸಿದ್ಧವಾಗಿದೆ’ ಸೂಚನೆಯಾಗಿ ತೋರಿಸುತ್ತದೆ. ಅದನ್ನು ಕ್ಲಿಕ್ ಮಾಡಿದರೆ ಎಡಿಟರ್ ಮುಂದೆ ಬರುತ್ತದೆ. ಕೋಡಿನ ಬದಲಾವಣೆಯನ್ನು ದಾಖಲಿಸುವಾಗ ಬರೆಯುವ ಕಮಿಟ್ ಸಂದೇಶದಂಥ ಸಣ್ಣ ಬರಹಗಳಿಗೆ ನಾನಂತೂ ಟರ್ಮಿನಲ್ಲಿನೊಳಗೇ ತೆರೆಯುವ ಎಡಿಟರನ್ನು ಇಟ್ಟುಕೊಂಡಿದ್ದೇನೆ. ಅಲ್ಲಿ ವಿಂಡೋ ಬದಲಾಗುವ ಪ್ರಶ್ನೆಯೇ ಏಳುವುದಿಲ್ಲ.

ಪ್ರಶ್ನೆ: ಬೇರೆ ವಿಂಡೋಗೆ ಹೋದ ಕೂಡಲೇ ಕಡತ ತಾನಾಗಿ ಉಳಿಯುವಂತೆ (ಸೇವ್ ಆಗುವಂತೆ) ಮಾಡಿಕೊಳ್ಳುವುದು ಸುರಕ್ಷಿತವೇ?

ಉತ್ತರ: ಗದ್ಯ ಬರೆಯುವವರಿಗೆ ಹೌದು, ಪ್ರೋಗ್ರಾಂ ಬರೆಯುವವರಿಗೆ ಸ್ವಲ್ಪ ಎಚ್ಚರ ಬೇಕು. ವಿಎಸ್ ಕೋಡ್ ಎಡಿಟರ್‌ನಲ್ಲಿ ಇದಕ್ಕೆ ಎರಡು ಬೇರೆ ಆಯ್ಕೆಗಳಿದ್ದು, ಹಲವರು ಒಂದೆಂದುಕೊಂಡು ಇನ್ನೊಂದನ್ನು ಹಾಕಿಕೊಳ್ಳುತ್ತಾರೆ. ‘ಆನ್‌ವಿಂಡೋಚೇಂಜ್’ ಇಡೀ ವಿಂಡೋ ಫೋಕಸ್ ಕಳೆದುಕೊಂಡಾಗ ಮಾತ್ರ ಉಳಿಸುತ್ತದೆ. ‘ಆನ್‌ಫೋಕಸ್‌ಚೇಂಜ್’ ಅದೇ ವಿಂಡೋದೊಳಗೆ ಒಂದು ಕಡತದಿಂದ ಮತ್ತೊಂದಕ್ಕೆ ದಾಟಿದರೂ ಉಳಿಸುತ್ತದೆ. ಕಡತ ಬದಲಾದೊಡನೆ ಪರೀಕ್ಷೆಗಳನ್ನು ನಡೆಸುವ ಉಪಕರಣವೊಂದು ಹಿಂದೆ ಓಡುತ್ತಿದ್ದರೆ, ಎರಡನೆಯ ಆಯ್ಕೆಯಿಂದ ಅರ್ಧ ಬರೆದ ಸಾಲಿಗೂ ಪರೀಕ್ಷೆ ನಡೆದು ಕೆಂಪು ಸಾಲುಗಳು ತುಂಬಿಕೊಳ್ಳುತ್ತವೆ. ಸಬ್ಲೈಮ್ ಟೆಕ್ಸ್ಟ್‌ನಲ್ಲೂ ‘ಸೇವ್ ಆನ್ ಫೋಕಸ್ ಲಾಸ್ಟ್’ ಎಂಬ ಇಂಥದೇ ಆಯ್ಕೆಯಿದೆ.

ಟರ್ಮಿನಲ್ಲಿನೊಳಗೂ ಓಡುವ ವಿಮ್ ಎಡಿಟರನ್ನು ಬಳಸುವವರು ‘ಫೋಕಸ್‌ಲಾಸ್ಟ್’ ಘಟನೆಗೆ ಉಳಿಸುವ ಆಜ್ಞೆಯನ್ನು ಕಟ್ಟುತ್ತಾರೆ. ಟರ್ಮಿನಲ್ಲಿನೊಳಗಿನ ವಿಮ್‌ಗೆ ಫೋಕಸ್ ಹೋದದ್ದು ತಾನಾಗಿ ತಿಳಿಯುವುದಿಲ್ಲ, ಟರ್ಮಿನಲ್ ಹೇಳಬೇಕು: ಫೋಕಸ್ ಬಂದಾಗ ಎಸ್ಕೇಪ್ ಸಂಕೇತ, ಚೌಕ ಆವರಣ ಮತ್ತು ದೊಡ್ಡ ‘ಐ’ ಅಕ್ಷರವನ್ನು, ಹೋದಾಗ ಅದೇ ರೀತಿ ‘ಓ’ ಅಕ್ಷರವನ್ನು ಅದು ಕಳುಹಿಸುತ್ತದೆ. ಎಡಿಟರ್ ಅರ್ಧದಲ್ಲಿ ನಿಂತುಹೋದ ಮೇಲೆ, ವಿಂಡೋ ಬದಲಿಸಿದಾಗಲೆಲ್ಲ ಟರ್ಮಿನಲ್ಲಿನಲ್ಲಿ ಈ ಅಕ್ಷರಗಳು ಉದುರುವುದನ್ನು ನೀವು ಕಂಡಿದ್ದರೆ ಗಾಬರಿ ಬೇಡ. ಕೇಳುವವರಿಲ್ಲದಿದ್ದರೂ ಟರ್ಮಿನಲ್ ವರದಿ ಒಪ್ಪಿಸುತ್ತಲೇ ಇರುತ್ತದೆ, ‘ರೀಸೆಟ್’ ಆಜ್ಞೆ ಕೊಟ್ಟರೆ ಸಾಮಾನ್ಯವಾಗಿ ನಿಲ್ಲುತ್ತದೆ. ಒಂದೇ ಟರ್ಮಿನಲ್ಲಿನೊಳಗೆ ಹಲವು ಟರ್ಮಿನಲ್ಲುಗಳನ್ನು ನಡೆಸುವ ಟಿಮಕ್ಸ್ ಒಳಗೆ ವಿಮ್ ಬಳಸುವವರು ಅದರ ‘ಫೋಕಸ್ ಇವೆಂಟ್ಸ್’ ಆಯ್ಕೆಯನ್ನು ಆನ್ ಮಾಡಿಕೊಳ್ಳಬೇಕು, ಇಲ್ಲದಿದ್ದರೆ ಈ ವರದಿ ನಡುದಾರಿಯಲ್ಲೇ ನಿಂತುಬಿಡುತ್ತದೆ.

ಪ್ರಶ್ನೆ: ಎಡಿಟರಿನಲ್ಲಿ ಕನ್ನಡ, ಬ್ರೌಸರಿನಲ್ಲಿ ಇಂಗ್ಲಿಷ್ ಬಳಸುತ್ತೇನೆ. ವಿಂಡೋ ಬದಲಿಸಿದಾಗಲೆಲ್ಲ ಕೀಬೋರ್ಡ್ ಭಾಷೆಯನ್ನೂ ಬದಲಿಸಬೇಕೇ?

ಉತ್ತರ: ಬೇಕಿಲ್ಲ. ವಿಂಡೋಸ್‌ನ ಟೈಪಿಂಗ್ ಸೆಟ್ಟಿಂಗುಗಳಲ್ಲಿ, ಕೀಬೋರ್ಡಿನ ಸುಧಾರಿತ ಆಯ್ಕೆಗಳ ಕೆಳಗೆ, ಪ್ರತಿ ವಿಂಡೋಗೂ ಬೇರೆ ಭಾಷೆಯನ್ನು ನೆನಪಿಟ್ಟುಕೊಳ್ಳುವ ಅವಕಾಶವಿದೆ. ಗ್ನೋಮ್‌ನ ಕೀಬೋರ್ಡ್ ಸೆಟ್ಟಿಂಗುಗಳಲ್ಲೂ ಅಂಥದೇ ಆಯ್ಕೆ ಇದೆ. ಆದರೆ ಇಂಗ್ಲಿಷ್ ಅಕ್ಷರಗಳಿಂದ ಕನ್ನಡ ಮೂಡಿಸುವ ವಿನ್ಯಾಸವನ್ನು ನೀವು ಬಳಸುತ್ತಿದ್ದರೆ, ಅಡಿಗೆರೆ ಬಿದ್ದಿರುವ ಪದ ಇನ್ನೂ ಎಡಿಟರಿನೊಳಗೆ ಪೂರ್ತಿ ಸೇರಿರುವುದಿಲ್ಲ. ಆ ಗಳಿಗೆಯಲ್ಲಿ ಫೋಕಸ್ ಹೋದರೆ ಕೆಲವೆಡೆ ಪದ ಹಾಗೆಯೇ ನಿಲ್ಲುತ್ತದೆ, ಕೆಲವೆಡೆ ಅಳಿಸಿಹೋಗುತ್ತದೆ. ಸ್ಪೇಸ್ ಒತ್ತಿ, ಅಡಿಗೆರೆ ಹೋದದ್ದನ್ನು ಕಂಡ ಮೇಲೆ ವಿಂಡೋ ಬದಲಿಸಿ.