ಬೃಹನ್ನಳೆಯನ್ನು ನಂಬುವ ನಾವು ಲಿಯೋನಿಯನ್ನು ಯಾಕೆ ನಂಬಬಾರದು?

ಕಳೆದ ಸಂಚಿಕೆಯಲ್ಲಿ ಇಂಗ್ಲಿಷ್ ಲೇಖಕಿ ಜಾರ್ಜೆಟ್ ಹೇಯರ್ ಅವರ 'ದೀಸ್ ಓಲ್ಡ್ ಶೇಡ್ಸ್' ಕಾದಂಬರಿ ಬಗ್ಗೆ ಮೂವರು ಓದುಗರ ಅಭಿಪ್ರಾಯ ಹಾಕಿದ್ದೆವು. ಒಬ್ಬರು ಅದನ್ನು ಹನ್ನೊಂದು ಸಲ ಓದಿದ್ದಾರಂತೆ. ಇನ್ನೊಬ್ಬರಿಗೆ ನಾಯಕನ ವಯಸ್ಸು ಸರಿಬರಲಿಲ್ಲ. ಮೂರನೆಯವರಿಗೆ ನಾಯಕಿ ಲಿಯೋನಿ ಇಷ್ಟ, ಕಥೆಯ ಕೊನೆ ಇಷ್ಟವಿಲ್ಲ. ಅದನ್ನು ಓದಿ ಶಿವಮೊಗ್ಗದಿಂದ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಮುಖ್ಯ ಭಾಗ ಇಷ್ಟು:

"ಹತ್ತೊಂಬತ್ತು ವರ್ಷದ ಹುಡುಗಿ ಗಂಡುಹುಡುಗನ ಬಟ್ಟೆ ಹಾಕಿಕೊಂಡು ಡ್ಯೂಕ್ ಮನೆಯಲ್ಲಿ ಊಳಿಗಕ್ಕಿರುತ್ತಾಳೆ. ಅರಮನೆಗೂ ಹೋಗಿಬರುತ್ತಾಳೆ. ಯಾರಿಗೂ ಗೊತ್ತಾಗುವುದಿಲ್ಲ. ಇದನ್ನು ನಂಬಬೇಕೆ? ಇಂಥ ಪುಸ್ತಕಕ್ಕೆ ಎರಡು ಪುಟ ಬೇಕಿತ್ತೆ? ನಿಮ್ಮ ಪತ್ರಿಕೆ ನೋಡಿ ನನ್ನ ಮೊಮ್ಮಗಳು ಆ ಪುಸ್ತಕ ತರಿಸಿಕೊಡಿ ಅಂದಳು. ಬೇಡ ಅಂದೆ."

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಒಂದು ಮಾತು ಮೊದಲೇ ಒಪ್ಪುತ್ತೇನೆ. ಈ ಕಾದಂಬರಿಯಲ್ಲಿ ಕಾಕತಾಳೀಯ ಜಾಸ್ತಿ. ಕಥೆಯ ನಾಯಕನಾದ ಡ್ಯೂಕ್ ರಾತ್ರಿ ಪ್ಯಾರಿಸಿನ ಗಲ್ಲಿಯಲ್ಲಿ ನಡೆದುಹೋಗುತ್ತಿರುತ್ತಾನೆ. ಅಣ್ಣನ ಹೊಡೆತ ತಪ್ಪಿಸಿಕೊಂಡು ಓಡಿಬಂದ ಹುಡುಗನೊಬ್ಬ, ಅಂದರೆ ವೇಷದಲ್ಲಿರುವ ಲಿಯೋನಿ, ಅವನಿಗೇ ಡಿಕ್ಕಿ ಹೊಡೆಯುತ್ತಾನೆ. ಆ ಹುಡುಗನ ಕೆಂಪು ಕೂದಲು, ಕಪ್ಪು ಹುಬ್ಬು ಡ್ಯೂಕಿನ ಹಳೆಯ ವೈರಿ ಸಾಂವೀರ್‌ನ ಹಾಗೇ ಇರುತ್ತವೆ. ಡ್ಯೂಕ್ ಒಂದು ಒಡವೆ ಬಿಸಾಕಿ ಹುಡುಗನನ್ನು ಅಲ್ಲೇ ಕೊಂಡುಕೊಳ್ಳುತ್ತಾನೆ. ಇಷ್ಟೆಲ್ಲ ಒಂದೇ ರಾತ್ರಿ, ಒಂದೇ ಬೀದಿಯಲ್ಲಿ ಆಗುವುದು ಕಷ್ಟ.

ಆದರೆ ನೀವು ಕೇಳಿದ್ದು ಅದನ್ನಲ್ಲ. ವೇಷದ ಬಗ್ಗೆ ಕೇಳಿದಿರಿ. ಅಲ್ಲಿ ನಾನು ನಿಮ್ಮ ಜೊತೆ ಬರಲಾರೆ.

ಮಳೆ ಹೋದರೆ ಊರಲ್ಲಿ ವಿರಾಟಪರ್ವ ಓದಿಸುವ ಜನ ನಾವು. ನೀವೂ ತರಗತಿಯಲ್ಲಿ ಎಷ್ಟು ಸಲ ಆ ಕಥೆ ಹೇಳಿರುತ್ತೀರಿ. ಧರ್ಮರಾಯ ಕಂಕಭಟ್ಟನಾದ, ಭೀಮ ವಲಲನಾಗಿ ಸೌಟು ಹಿಡಿದ, ದ್ರೌಪದಿ ಸೈರಂಧ್ರಿಯಾದಳು. ಅರ್ಜುನ ಬೃಹನ್ನಳೆಯಾಗಿ ಒಂದು ವರ್ಷ ಉತ್ತರೆಗೆ ನಾಟ್ಯ ಹೇಳಿಕೊಟ್ಟ. ಬಿಲ್ಲಿನ ಹೆದೆ ತಾಗಿ ಜಡ್ಡುಗಟ್ಟಿದ ಅವನ ತೋಳು ಇಡೀ ಅರಮನೆಯಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲವೇ ಅಂತ ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಿದ್ದರೇ? ಕೇಳಿದ್ದರೆ, 'ವೇಷ ಅಂದರೆ ಅದೇ ಕಣಯ್ಯಾ' ಅಂತ ನೀವೇ ಹೇಳಿರುತ್ತಿದ್ದಿರಿ. ಗಂಡಸು ಹೆಣ್ಣಿನ ವೇಷ ಹಾಕಿದರೆ ನಮಗೆ ಅದು ಧರ್ಮಸಂಕಟ. ಹುಡುಗಿ ಗಂಡಿನ ವೇಷ ಹಾಕಿದರೆ ನಂಬಲಾಗದ ಕಟ್ಟುಕಥೆ. ಇದು ಸರಿಯೇ?

ಇನ್ನು ನಿಜವಾಗಿ ನಡೆದದ್ದಕ್ಕೆ ಬರುತ್ತೇನೆ. ಈ ಕಾದಂಬರಿ ನಡೆಯುವುದು ಫ್ರಾನ್ಸಿನ ಹದಿನೈದನೇ ಲೂಯಿಯ ಕಾಲದಲ್ಲಿ, 1750ರ ದಶಕದಲ್ಲಿ. ಅದಕ್ಕೆ ಕೆಲವೇ ವರ್ಷ ಮೊದಲು ಹಾನಾ ಸ್ನೆಲ್ ಎಂಬ ಇಂಗ್ಲಿಷ್ ಹೆಂಗಸು ನಮ್ಮ ಪಕ್ಕದ ಪುದುಚೇರಿಯಲ್ಲಿ ಗುಂಡೇಟು ತಿಂದಿದ್ದಳು. ಹುಟ್ಟಿದ್ದು 1723ರಲ್ಲಿ, ವೂಸ್ಟರ್‌ನಲ್ಲಿ. ಗಂಡ ಬಿಟ್ಟುಹೋದ, ಮಗು ತೀರಿಕೊಂಡಿತು. ಭಾವನ ಬಟ್ಟೆ ಹಾಕಿಕೊಂಡು, ಭಾವನದೇ ಹೆಸರು, ಜೇಮ್ಸ್ ಗ್ರೇ, ಇಟ್ಟುಕೊಂಡು ಹಡಗಿನ ಸೈನಿಕಳಾದಳು. 1748ರಲ್ಲಿ ಇಂಗ್ಲಿಷ್ ನೌಕಾಪಡೆಯ ಬೊಸ್ಕಾವನ್ ಫ್ರೆಂಚರ ಪುದುಚೇರಿಗೆ ಮುತ್ತಿಗೆ ಹಾಕಿದಾಗ ಅವಳು ಆ ಪಡೆಯಲ್ಲಿದ್ದಳು.

ಮುಖದಲ್ಲಿ ಗಡ್ಡ ಬರಲಿಲ್ಲ ಅಂತ ಜೊತೆಯವರು ಅವಳನ್ನು 'ಮಿಸ್ ಮಾಲಿ ಗ್ರೇ' ಅಂತ ರೇಗಿಸುತ್ತಿದ್ದರಂತೆ. ನೋಡಿ, ಹೆಣ್ಣಿನ ಹೆಸರಿಟ್ಟು ರೇಗಿಸಿದರು, ಆದರೂ ಹೆಣ್ಣು ಅಂತ ಅನ್ನಿಸಲಿಲ್ಲ! ಯಾಕೆ ಅನ್ನಿಸುತ್ತದೆ? ಆಗಿನ ಹಡಗುಗಳಲ್ಲಿ ಮೀಸೆ ಮೂಡದ ಹುಡುಗರು ಎಷ್ಟೋ ಜನ ಇರುತ್ತಿದ್ದರು. ಹಾಕಿದ ಬಟ್ಟೆಯಲ್ಲೇ ಮಲಗುತ್ತಿದ್ದರು. ಕೆಲಸ ಸರಿಯಾಗಿ ಮಾಡಿದರೆ ಸಾಕಿತ್ತು.

ಪುದುಚೇರಿಯಲ್ಲಿ ಅವಳ ಕಾಲಿಗೆ ಏಟು ಬಿತ್ತು. ತೊಡೆಯ ಸಂದಿಗೂ ಒಂದು ಗುಂಡು ಹೊಕ್ಕಿತು. ಅದನ್ನು ಸೇನೆಯ ಡಾಕ್ಟರಿಗೆ ತೋರಿಸಿದರೆ ಗುಟ್ಟು ರಟ್ಟಾಗುತ್ತದೆ. ತೋರಿಸಲೇ ಇಲ್ಲ. 1750ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವಳ ಕಥೆಯ ಪುಸ್ತಕದ ಪ್ರಕಾರ, ಆ ಗುಂಡನ್ನು ತಾನೇ ಕಿತ್ತು ತೆಗೆದಳು. ಗಾಯಕ್ಕೆ ಆರೈಕೆ ಮಾಡಿದ್ದು ಒಬ್ಬಳು ಇಲ್ಲಿನ ಹೆಂಗಸು.

ಆ ಹೆಂಗಸಿನ ಹೆಸರು ಪುಸ್ತಕದಲ್ಲಿಲ್ಲ. ನಾನು ಎಷ್ಟೋ ಸಲ ಅವಳ ಬಗ್ಗೆ ಯೋಚನೆ ಮಾಡಿದ್ದೇನೆ. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡಿಕೊಂಡರು? ಬಹುಶಃ ಭಾಷೆಯೇ ಬೇಕಾಗಲಿಲ್ಲ. ಗಾಯ ನೋಡಿದಳು, ಅರ್ಥವಾಯಿತು, ಬಾಯಿ ಮುಚ್ಚಿಕೊಂಡಳು. ಸಾವಿರಾರು ಮೈಲಿ ಆಚೆಯಿಂದ ತನ್ನ ನಾಡಿಗೆ ಯುದ್ಧಕ್ಕೆ ಬಂದ ಪರದೇಶಿಯ ಗುಟ್ಟನ್ನು ಅವಳು ಕಾಪಾಡಿದಳು. ಹಾನಾ ಲಂಡನ್ನಿಗೆ ವಾಪಸಾಗಿ, 1750ರಲ್ಲಿ ತಾನೇ ಬಾಯಿಬಿಡುವವರೆಗೆ ಸಂಗಾತಿ ಸೈನಿಕರಿಗೆ ಗೊತ್ತಾಗಲಿಲ್ಲ. ಆಮೇಲೆ ಸಮವಸ್ತ್ರ ಹಾಕಿಕೊಂಡು ರಂಗದ ಮೇಲೆ ಕವಾಯತು ಮಾಡಿ ತೋರಿಸಿದಳು. ಸರ್ಕಾರ ಪಿಂಚಣಿಯನ್ನೂ ಕೊಟ್ಟಿತು.

ಇನ್ನೊಬ್ಬಳು ಜಾನ್ ಬಾರೆ, ಫ್ರಾನ್ಸಿನವಳು. ನಿಮ್ಮ ಮನೆಯ ಕಾಂಪೌಂಡಿನ ಮೇಲೆ ಕಾಗದದ ಹೂವಿನ ಬಳ್ಳಿ ಇದ್ದರೆ ಅವಳ ಕಥೆಗೂ ನಿಮಗೂ ನಂಟಿದೆ. ಬೋಗನ್‌ವಿಲ್ಲಾ ಅಂತ ಆ ಗಿಡಕ್ಕೆ ಹೆಸರು ಬಂದದ್ದು ಬೋಗನ್‌ವಿಲ್ ಎಂಬ ನಾವಿಕನಿಂದ. ಅವನ ಹಡಗಿನ ಪಡೆ 1766ರಲ್ಲಿ ಭೂಮಿ ಸುತ್ತಲು ಹೊರಟಿತು. ಜೊತೆಗೆ ಗಿಡ ಹುಡುಕಲು ಕಾಮರ್ಸನ್ ಎಂಬ ಸಸ್ಯ ವಿಜ್ಞಾನಿ ಇದ್ದ. ಅವನ ಸಾಮಾನು ಹೊರುತ್ತಿದ್ದ, ಬೆಟ್ಟ ಹತ್ತಿ ಗಿಡ ಕೀಳುತ್ತಿದ್ದ ಗಟ್ಟಿ ಆಳೇ ಜಾನ್ ಬಾರೆ. ಆ ಹಡಗುಗಳಿಗೆ ಹೆಂಗಸರು ಹತ್ತುವ ಹಾಗಿರಲಿಲ್ಲ. ಗಂಡಸಿನ ಬಟ್ಟೆ ಹಾಕಿಯೇ ಹತ್ತಿದಳು. ಹಡಗಿನಲ್ಲಿ ಗುಸುಗುಸು ಇತ್ತು, ಆದರೂ ವರ್ಷಕ್ಕೂ ಹೆಚ್ಚು ಕಾಲ ದಾಟಿಸಿದಳು. 1768ರಲ್ಲಿ ತಾಹಿತಿ ದ್ವೀಪದಲ್ಲಿ ಕಾಲಿಟ್ಟಾಗ, ಬೋಗನ್‌ವಿಲ್ ಬರೆದಿರುವ ಹಾಗೆ, ಅಲ್ಲಿನ ಜನ ನೋಡಿದ ಕೂಡಲೇ ಹೆಣ್ಣು ಅಂತ ಗುರುತಿಸಿದರು.

ನನ್ನ ಪೂರ್ತಿ ಉತ್ತರ ಈ ಒಂದು ಸಂಗತಿಯಲ್ಲಿದೆ ಮೇಷ್ಟ್ರೇ. ಫ್ರೆಂಚ್ ನಾವಿಕರಿಗೆ ಕಂಡದ್ದು ಷರಾಯಿ, ಕೋಟು. ಷರಾಯಿ ಹಾಕಿದವನು ಗಂಡಸು ಅಂತ ಅವರು ಹುಟ್ಟಿದಾಗಿನಿಂದ ಕಲಿತಿದ್ದರು. ತಾಹಿತಿಯವರು ಆ ಪಾಠ ಕಲಿತಿರಲಿಲ್ಲ. ಹಾಗಾಗಿ ಅವರು ಬಟ್ಟೆ ಬಿಟ್ಟು ಮನುಷ್ಯಳನ್ನು ನೋಡಿದರು. ಹೇಯರ್‌ಗೆ ಇದು ಚೆನ್ನಾಗಿ ಗೊತ್ತಿತ್ತು ಅನ್ನಿಸುತ್ತದೆ. ಲಿಯೋನಿಯನ್ನು ಕಾದಂಬರಿಯಲ್ಲಿ ಎಲ್ಲರೂ ಹುಡುಗ ಅಂದುಕೊಳ್ಳುವುದಿಲ್ಲ. ಡ್ಯೂಕಿಗೆ ಮೊದಲಿನಿಂದಲೇ ಗೊತ್ತಿರುತ್ತದೆ. ನೀವು ಪುಸ್ತಕ ಓದಿದ್ದರೆ ಇದು ತಪ್ಪಿಹೋಗುತ್ತಿರಲಿಲ್ಲ. ಓದದೆ ಬರೆದಿದ್ದೀರಿ ಅಂತ ನನ್ನ ಅನುಮಾನ, ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯದೇ ಒಂದು ವಿಷಯ ಹೇಳುತ್ತೇನೆ. ನನ್ನ ಚಿಕ್ಕಮ್ಮ ಮೈಸೂರಿನಲ್ಲಿ ಹುಡುಗಿಯರ ಕಾಲೇಜಿನಲ್ಲಿ ಓದುತ್ತಿದ್ದರು. ಅಲ್ಲಿನ ನಾಟಕಗಳಲ್ಲಿ ರಾಜನೂ ಹುಡುಗಿಯೇ, ಮಂತ್ರಿಯೂ ಹುಡುಗಿಯೇ. ಚಿಕ್ಕಮ್ಮ ಎತ್ತರ, ಅವರಿಗೆ ಯಾವಾಗಲೂ ಗಂಡು ಪಾತ್ರ. ಒಂದು ಸಾಯಂಕಾಲ ರಿಹರ್ಸಲ್ ಮುಗಿದಾಗ ಕತ್ತಲಾಗಿತ್ತು. ಬಟ್ಟೆ ಬದಲಿಸದೆ, ಅಣ್ಣನ ಪ್ಯಾಂಟು, ಕೋಟು, ಅಂಟಿಸಿದ ಮೀಸೆಯಲ್ಲೇ ಮನೆಗೆ ನಡೆದು ಬಂದರು. ದಿನಾ ನೋಡುವ ದಿನಸಿ ಅಂಗಡಿಯವರು ಗುರುತು ಹಿಡಿಯಲಿಲ್ಲ. ಮೂಲೆಯಲ್ಲಿ ನಿಂತಿದ್ದ ಹುಡುಗರು ಸರಿದು ದಾರಿ ಬಿಟ್ಟರು. ಐವತ್ತು ವರ್ಷ ಆದಮೇಲೂ ಚಿಕ್ಕಮ್ಮ ಅದನ್ನು ಹೇಳುವಾಗ ಧ್ವನಿ ಬದಲಾಗುತ್ತಿತ್ತು. "ಅವತ್ತು ಮೊದಲನೇ ಸಲ ಬೀದಿಯಲ್ಲಿ ಯಾರೂ ನನ್ನನ್ನ ನೋಡಲಿಲ್ಲ ಕಣೇ" ಅನ್ನುತ್ತಿದ್ದರು.

ಲಿಯೋನಿ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ ಅದೇ. ಡ್ಯೂಕ್ ಅವಳಿಗೆ ಲಂಗ ಹಾಕಿಸಲು ಹೊರಟಾಗ ಅವಳು ಸಂತೋಷಪಡುವುದಿಲ್ಲ, ಅಳುತ್ತಾಳೆ. ಏಳು ವರ್ಷ ಹುಡುಗನಾಗಿ ಬದುಕಿದವಳು ಅವಳು. ಕಷ್ಟ ಪಟ್ಟಿದ್ದಾಳೆ, ಆದರೆ ಕೈಬೀಸಿ ನಡೆದಿದ್ದಾಳೆ. ಅದು ಹೋಗುತ್ತದೆ ಅಂತ ಅವಳಿಗೆ ಗೊತ್ತು. ನಮ್ಮ ಮೂರನೇ ಓದುಗರು ಕೊನೆ ಇಷ್ಟವಾಗಲಿಲ್ಲ ಅಂದದ್ದು ಇದಕ್ಕೇ ಇರಬೇಕು. ಡ್ಯೂಕಿಗೆ ನಲವತ್ತರ ಹತ್ತಿರ, ಅವಳಿಗೆ ಇಪ್ಪತ್ತು ಅನ್ನುವ ಆಕ್ಷೇಪಣೆಯೂ ಸರಿಯಾದದ್ದೇ.

ನೀವು ಜಗಳ ಆಡಬೇಕಿದ್ದ ಜಾಗ ಬೇರೆ ಇತ್ತು. ಆ ಸಿರಿವಂತ ವೈರಿ ಸಾಂವೀರ್, ಗಂಡು ವಾರಸುದಾರ ಬೇಕೆಂಬ ಆಸೆಗೆ ತನ್ನ ಮಗಳು ಲಿಯೋನಿಯನ್ನು ರೈತನ ಮನೆಗೆ ಕೊಟ್ಟು, ರೈತನ ಮಗನನ್ನು ತನ್ನ ಮಗ ಅಂತ ಸಾಕುತ್ತಾನೆ. ಅರಮನೆಯಲ್ಲಿ ಬೆಳೆದರೂ ಆ ಹುಡುಗನಿಗೆ ಹೊಲದ್ದೇ ಆಸೆ. ಲಿಯೋನಿ ಕೊಚ್ಚೆಯಲ್ಲಿ ಬೆಳೆದರೂ ದೊಡ್ಡಮನೆಯ ಗತ್ತು. ಎಲ್ಲವೂ ರಕ್ತದಲ್ಲಿ ಬರುತ್ತದೆ ಅನ್ನುವ ಈ ಮಾತು ತಪ್ಪು, ನೋವು ಮಾಡುವ ತಪ್ಪು. ಬಸವಣ್ಣನವರ ನಾಡಿನಲ್ಲಿ ಕೂತು ಓದುವಾಗ ಇದು ಚುಚ್ಚುತ್ತದೆ. ಅದನ್ನು ಬಿಟ್ಟು ನೀವು ಷರಾಯಿ ಹಿಡಿದುಕೊಂಡಿರಿ.

'ಎರಡು ಪುಟ ಬೇಕಿತ್ತೆ' ಅಂದಿರಲ್ಲ, ಅದು ನನಗೆ ಹೆಚ್ಚು ನೋವಾದ ಮಾತು. ಈ ಪುಸ್ತಕ ಬಂದದ್ದು 1926ರಲ್ಲಿ. ಆಗ ಹೇಯರ್‌ಗೆ 24 ವರ್ಷ. ಹೆಚ್ಚು ಪ್ರಚಾರವಿಲ್ಲದೆಯೇ ಸುಮಾರು 1,90,000 ಪ್ರತಿ ಹೋದವು ಅನ್ನುತ್ತಾರೆ. 1974ರಲ್ಲಿ ತೀರಿಕೊಳ್ಳುವವರೆಗೆ ಆಕೆ ಸಂದರ್ಶನಗಳಿಂದ ದೂರವೇ ಉಳಿದರು. ಓದುಗರು ಒಬ್ಬರಿಂದ ಒಬ್ಬರಿಗೆ ಪುಸ್ತಕ ದಾಟಿಸುತ್ತಾ ನೂರು ವರ್ಷ ಉಳಿಸಿದ್ದಾರೆ. ಗಂಡಸು ಕತ್ತಿವರಸೆ, ಮಾರುವೇಷದ ರಾಜಕುಮಾರನ ಕಥೆ ಬರೆದರೆ ಅದು ಐತಿಹಾಸಿಕ ಕಾದಂಬರಿ. ಹೆಂಗಸು ಅದೇ ಕತ್ತಿ, ಅದೇ ಮಾರುವೇಷ ಇಟ್ಟು ಬರೆದರೆ ಬರೀ ರೊಮ್ಯಾನ್ಸ್, ಟೈಂಪಾಸ್. ನಮ್ಮಲ್ಲೂ ಲೇಖಕಿಯರು ಬರೆದದ್ದಕ್ಕೆ ಅಡುಗೆಮನೆ ಸಾಹಿತ್ಯ ಅಂತ ಹೆಸರಿಟ್ಟರು. ಅದೇ ಲೇಖಕಿಯರ ಧಾರಾವಾಹಿ ಓದಲು ಮನೆಮನೆಯಲ್ಲಿ ವಾರಪತ್ರಿಕೆಗೆ ಕಾಯುತ್ತಿದ್ದರು. ವಾರಪತ್ರಿಕೆಗಳು ಬೆಳೆದದ್ದು ಆ ಓದುಗರಿಂದ. ವಿಮರ್ಶೆಯ ಪುಟದಲ್ಲಿ ಮಾತ್ರ ಅವರಿಗೆ ಜಾಗ ಇರಲಿಲ್ಲ. ನನ್ನ ಪತ್ರಿಕೆಯಲ್ಲಿ ಇರುತ್ತದೆ. ಎರಡು ಪುಟ ಅಲ್ಲ, ನಾಲ್ಕು ಬೇಕಾದರೂ ಕೊಡುತ್ತೇನೆ.

ಚಿಕ್ಕಮ್ಮ ಈ ಪುಸ್ತಕವನ್ನು ಮೊದಲು ಓದಿದ್ದು ಬಾಡಿಗೆ ಲೈಬ್ರರಿಯಿಂದ ತಂದು. ಮನೆಯಲ್ಲಿ ತಾತ ಬೈಯುತ್ತಾರೆ ಅಂತ ಅದಕ್ಕೆ ಬ್ರೌನ್ ಪೇಪರಿನ ಬೈಂಡ್ ಹಾಕಿ, ಮೇಲೆ ಲೇಬಲ್ ಅಂಟಿಸಿ 'ಅರ್ಥಶಾಸ್ತ್ರ' ಅಂತ ಬರೆದಿದ್ದರು. ಲೈಬ್ರರಿ ಮುಚ್ಚುವಾಗ ಅದೇ ಪ್ರತಿಯನ್ನು ದುಡ್ಡು ಕೊಟ್ಟು ಕೊಂಡರು. ಈಗ ಅದು ನನ್ನ ಹತ್ತಿರ ಇದೆ, ಬೈಂಡು, ಲೇಬಲ್ಲು ಎಲ್ಲ ಹಾಗೇ.

ಅದನ್ನು ಸೋಮವಾರ ನಿಮ್ಮ ವಿಳಾಸಕ್ಕೆ, ನಿಮ್ಮ ಮೊಮ್ಮಗಳ ಹೆಸರಿಗೆ ಪೋಸ್ಟ್ ಮಾಡುತ್ತಿದ್ದೇನೆ. ಲಿಯೋನಿ ಅಳುವ ಪುಟದಲ್ಲಿ ಚಿಕ್ಕಮ್ಮ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಅದನ್ನು ಅಳಿಸಬೇಡ ಅಂತ ಅವಳಿಗೆ ಹೇಳಿ. ನೀವೂ ಓದುವುದಾದರೆ ಅವಳು ಮುಗಿಸಿದ ಮೇಲೆ ಕೇಳಿ ಇಸಕೊಳ್ಳಿ. ವಾಪಸ್ ಕಳಿಸಲು ಆತುರವಿಲ್ಲ.

– ಸಂಪಾದಕಿ