‘ಯಾಅತ್ಸ್’: ಸಲಹೆಯೇ, ಸಂಕಲ್ಪವೇ?

ಪ್ರಶ್ನೆ: ಬೈಬಲಿನ ವಿಮೋಚನಕಾಂಡದಲ್ಲಿ ಮೋಶೆಗೆ ಅವನ ಮಾವ ಸಲಹೆ ಕೊಡುವಲ್ಲಿಯೂ, ಯೆಶಾಯನ ಗ್ರಂಥದಲ್ಲಿ ಯೆಹೋವನು ಅಶ್ಶೂರ (ಅಸ್ಸೀರಿಯಾ) ರಾಜ್ಯವನ್ನು ಮುರಿಯಲು ನಿಶ್ಚಯಿಸುವಲ್ಲಿಯೂ ಹೀಬ್ರೂ ಮೂಲದಲ್ಲಿರುವುದು ಒಂದೇ ಕ್ರಿಯಾಪದವೆಂದು ಓದಿದೆ. ಸಲಹೆಗೂ ನಿಶ್ಚಯಕ್ಕೂ ಒಂದೇ ಪದ ಸಲ್ಲುವುದು ಹೇಗೆ?

ಉತ್ತರ: ನೀವು ಓದಿದ್ದು ಸರಿ. ಆ ಕ್ರಿಯಾಪದ ‘ಯಾಅತ್ಸ್’; ಅದರಿಂದ ಬಂದ ನಾಮಪದ ‘ಏತ್ಸಾ’, ಆಲೋಚನೆ ಹೇಳುವವನು ‘ಯೋಏತ್ಸ್’. ಮರ ಎಂಬರ್ಥದ ‘ಏತ್ಸ್’ ಕಿವಿಗೆ ಹತ್ತಿರವೆನಿಸಿದರೂ ಅದರ ಧಾತು ಬೇರೆ.

ಈ ಪದವನ್ನು ನಮ್ಮ ‘ಸಲಹೆ’ಯಷ್ಟು ಹಗುರವಾಗಿ ಹಿಡಿದರೆ ತೊಡಕಾಗುತ್ತದೆ. ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ತೀರಿಸುತ್ತಿದ್ದ ಮೋಶೆಯನ್ನು ಕಂಡ ಮಾವ ‘ನಾನು ನಿನಗೆ ಆಲೋಚನೆ ಹೇಳುತ್ತೇನೆ’ ಎಂದು ಆರಂಭಿಸಿ (18:19), ಸಾವಿರ, ನೂರು, ಐವತ್ತು, ಹತ್ತು ಮಂದಿಗೆ ಒಬ್ಬೊಬ್ಬನಂತೆ ಅಧಿಕಾರಿಗಳನ್ನು ನೇಮಿಸುವ ಇಡೀ ಏರ್ಪಾಡನ್ನೇ ಮುಂದಿಡುತ್ತಾನೆ. ತಂದೆಯಾದ ಅರಸ ದಾವೀದನ ಮೇಲೆ ಅಬ್ಷಾಲೋಮನು ಎದ್ದ ದಂಗೆಯ ಕಥೆಯಲ್ಲಿ (2 ಸಮುವೇಲ 17) ಇದು ಇನ್ನೂ ಸ್ಪಷ್ಟ. ಹನ್ನೆರಡು ಸಾವಿರ ಜನರೊಡನೆ ಆ ರಾತ್ರಿಯೇ ದಾವೀದನನ್ನು ಬೆನ್ನಟ್ಟಬೇಕೆಂದು ಅಬ್ಷಾಲೋಮನಿಗೆ ಅವನ ಮಂತ್ರಿ ಅಹೀತೋಫೆಲನು ಹೇಳಿದ ಮಾತೂ, ಇಸ್ರಾಯೇಲರೆಲ್ಲರನ್ನೂ ಕೂಡಿಸುವವರೆಗೆ ಕಾಯಬೇಕೆಂದು ದಾವೀದನ ಗೆಳೆಯ ಹೂಷೈ ಹೇಳಿದ ಮಾತೂ ‘ಏತ್ಸಾ’ಗಳೇ, ಎರಡೂ ಯುದ್ಧದ ಯೋಜನೆಗಳು, ಒಂದನ್ನು ಆರಿಸಿಕೊಂಡರೆ ರಾಜ್ಯದ ಗತಿಯೇ ಬೇರೆಯಾಗುತ್ತಿತ್ತು. ಗ್ರಂಥಕರ್ತನು ಅಹೀತೋಫೆಲನ ಆಲೋಚನೆಯನ್ನು ‘ಒಳ್ಳೆಯದು’ ಎಂದೇ ಕರೆದು, ಅದನ್ನು ಮುರಿದವನು ಯೆಹೋವನು ಎನ್ನುತ್ತಾನೆ. ಈ ಪದದ ತೂಕವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಅಧ್ಯಾಯ ನನಗೆ ಕಾಣದು.

ಹೀಗೆ ಕಾರ್ಯದ ದಾರಿಯನ್ನು ಯೋಚಿಸಿ ಗೊತ್ತುಮಾಡುವುದೇ ಈ ಧಾತುವಿನ ತಿರುಳು. ಗೊತ್ತುಮಾಡಿದ್ದನ್ನು ಇನ್ನೊಬ್ಬನ ಮುಂದಿಟ್ಟರೆ ಅದು ಸಲಹೆ. ತಾನೇ ನಡೆಸಲು ನಿಂತರೆ ಸಂಕಲ್ಪ. ಯೆಶಾಯ 14:27ರಲ್ಲಿ ‘ಯೆಹೋವನು ನಿಶ್ಚಯಿಸಿದ್ದನ್ನು ತಪ್ಪಿಸುವವರು ಯಾರು?’ ಎಂಬಲ್ಲಿ ಕೇಳುವವನಿಲ್ಲದ ಕಾರಣ ಎರಡನೆಯ ಅರ್ಥವಷ್ಟೇ ಉಳಿಯುತ್ತದೆ. ಪರಸ್ಪರ ಸಮಾಲೋಚಿಸುವುದಕ್ಕೂ ಇದೇ ಧಾತುವಿನ ರೂಪವೊಂದಿದೆ; ಸೊಲೊಮೋನನ ಮಗನಾದ ಅರಸ ರೆಹಬ್ಬಾಮನು ಮೊದಲು ಹಿರಿಯರನ್ನೂ ಆಮೇಲೆ ತನ್ನ ಓರಗೆಯವರನ್ನೂ ಕೇಳುವಾಗ ಬರುವುದು ಅದೇ.

ಕನ್ನಡದಲ್ಲಿ ಇದಕ್ಕೆ ‘ಆಲೋಚನೆ’ಯೇ ಹೆಚ್ಚು ಹೊಂದುತ್ತದೆಂದು ನನ್ನ ಅಭಿಪ್ರಾಯ. ಹಿರಿಯರನ್ನು ಆಲೋಚನೆ ಕೇಳುತ್ತೇವೆ, ‘ಮುಂದೇನು ಆಲೋಚನೆ ಮಾಡಿದ್ದೀರಿ?’ ಎಂದು ಉದ್ದೇಶವನ್ನೂ ವಿಚಾರಿಸುತ್ತೇವೆ. ಯೆಶಾಯನ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟಲಿರುವ ಅರಸನಿಗೆ ‘ಯೋಏತ್ಸ್’ ಎಂಬ ಹೆಸರಿದ್ದು, ಕನ್ನಡ ಬೈಬಲು ಅದನ್ನು ‘ಆಲೋಚನಾಕರ್ತ’ ಎಂದಿದೆ. ಮಂತ್ರಿಗಳ ಬಾಯಿ ನೋಡದೆ ಕಾರ್ಯವನ್ನು ತಾನೇ ಯೋಚಿಸಿ ನಡೆಸಬಲ್ಲ ಅರಸನೆಂಬ ಅರ್ಥ ಅದರಲ್ಲಿ ಚೆನ್ನಾಗಿ ಕೂಡಿಬಂದಿದೆ.